ಫೈಲಿನಲ್ಲಿ ಅಂಕಪಟ್ಟಿ ಇದೆ, ಕೆಲಸ ಎಲ್ಲಿದೆ?

ಮಂಡ್ಯ, ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳಿಗೆ ಸ್ಟಾಫ್ ನರ್ಸ್ ಕೆಲಸ ಕೇಳಿಕೊಂಡು ಬರುವವರ ಕೈಯಲ್ಲಿ ಫೈಲು ಇದ್ದೇ ಇರುತ್ತದೆ. ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಅಂಕಪಟ್ಟಿ, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ, ಅನುಭವ ಪತ್ರ ಅದರಲ್ಲಿರುತ್ತವೆ. ಇವೆಲ್ಲ ಬೇಕು, ನೋಂದಣಿ ಇಲ್ಲದಿದ್ದರೆ ಮಾತೇ ಮುಂದುವರಿಯದು. ಆದರೆ ‘ಎರಡು ವರ್ಷ ತೃಪ್ತಿಕರವಾಗಿ ಸೇವೆ ಸಲ್ಲಿಸಿದ್ದಾರೆ’ ಎಂಬ ಒಂದು ಸಾಲನ್ನು ಓದಿದರೆ ಆ ಎರಡು ವರ್ಷ ಹೊರರೋಗಿ ವಿಭಾಗದಲ್ಲಿ ಬಿ.ಪಿ. ನೋಡುವುದರಲ್ಲೇ ಕಳೆಯಿತೋ, ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದವರನ್ನು ನೋಡಿಕೊಳ್ಳುವುದರಲ್ಲೋ ಗೊತ್ತಾಗುವುದಿಲ್ಲ. ಸಂದರ್ಶಕರಿಗೆ ಬೇಕಾದ ಮಾಹಿತಿಯೇ ಅದು. ಹಾಗಾಗಿ ಅಂಕಪಟ್ಟಿಗಳ ಹಿಂದೆ ನಾಲ್ಕೈದು ಪುಟ ಕೆಲಸದ ದಾಖಲೆ ಸೇರಿದಾಗಲೇ ಆ ಫೈಲು ಪೋರ್ಟ್‌ಫೋಲಿಯೊ ಆಗುವುದು.

ಯಾವ ವಾರ್ಡು, ಎಷ್ಟು ಹಾಸಿಗೆ, ಯಾವ ಚಿಕಿತ್ಸಾ ವಿಧಾನಗಳನ್ನು ಸ್ವತಂತ್ರವಾಗಿ ಮಾಡಿದ್ದು, ಯಾವುದನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದು ಎಂಬುದನ್ನು ಬೇರೆಬೇರೆಯಾಗಿ ಬರೆಯಬೇಕು. ಬಿಎಲ್‌ಎಸ್ (ತುರ್ತು ಜೀವರಕ್ಷಣೆ) ತರಬೇತಿ ಆಗಿದ್ದರೆ ಅದರ ಅವಧಿ ಮುಗಿಯುವ ದಿನಾಂಕವೂ ಇರಲಿ. ಇವುಗಳಿಗಿಂತ ಹೆಚ್ಚು ತೂಕ, ನನ್ನ ಮಟ್ಟಿಗೆ, ಸ್ವಂತ ಮಾತಿನಲ್ಲಿ ಬರೆದ ಒಂದೆರಡು ಪ್ರಕರಣಗಳಿಗೆ. ಗದ್ದೆ, ಕಬ್ಬಿನ ತೋಟಗಳ ಈ ಸೀಮೆಯಲ್ಲಿ ಹಾವು ಕಚ್ಚಿದವರು ಬರುತ್ತಾರೆ. ಹೆದ್ದಾರಿಯ ಅಪಘಾತಗಳೂ ಬರುತ್ತವೆ. ವಿಷನಿರೋಧಕ ಔಷಧಿ ಹಾಕುವಾಗ ಅಲರ್ಜಿಯ ಲಕ್ಷಣಕ್ಕೆ ಕಾದು ನೋಡುವುದು, ಅಡ್ರಿನಲಿನ್ ಕೈಗೆಟುಕುವಂತೆ ಇಡುವುದು ಅಂಕಪಟ್ಟಿಯಲ್ಲಿ ಕಾಣದ ಅರಿವು. ಆದರೂ ಸಂದರ್ಶನಕ್ಕೆ ಒಳಗೆ ಹೋದ ಕೂಡಲೇ ಫೈಲನ್ನು ಮೇಜಿನ ಮೇಲೆ ಇಟ್ಟುಬಿಟ್ಟರೆ ಅದು ಅಲ್ಲೇ ಮುಚ್ಚಿಕೊಂಡು ಕೂರುತ್ತದೆ. ಪ್ರಶ್ನೆಗೆ ಮೊದಲು ಬಾಯಲ್ಲಿ ಉತ್ತರ ಹೇಳಿ, ಆಮೇಲೆ ಆ ಪುಟ ತೆರೆದು ತೋರಿಸುವುದೇ ಸರಿ. ಬ್ರಿಟನ್ನಿನಲ್ಲಿ 2016ರಿಂದ ನರ್ಸುಗಳು ನೋಂದಣಿ ಉಳಿಸಿಕೊಳ್ಳಲು ಮೂರು ವರ್ಷಕ್ಕೊಮ್ಮೆ 450 ಗಂಟೆಗಳ ಕೆಲಸ, 35 ಗಂಟೆಗಳ ಕಲಿಕೆಯ ಜೊತೆಗೆ ತಮ್ಮ ಅನುಭವದ ಐದು ಬರಹಗಳನ್ನೂ ತೋರಿಸಬೇಕು. ಹೊರದೇಶದ ಕನಸಿರುವವರಿಗೆ ಹೀಗೆ ಅನುಭವ ಬರೆದಿಡುವ ರೂಢಿ ಇಲ್ಲಿಂದಲೇ ಶುರುವಾದರೆ ಲಾಭ.

ಸರ್ಕಾರಿ ಗುತ್ತಿಗೆ ನೇಮಕಾತಿ ಹೆಚ್ಚಾಗಿ ಅಂಕ, ಮೀಸಲಾತಿ ರೋಸ್ಟರ್ ಮೇಲೆ ನಡೆಯುತ್ತದೆ, ಅಲ್ಲಿ ಇಂಥ ಫೈಲನ್ನು ಯಾರು ನೋಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ಮೂಲ ದಾಖಲೆಗಳು ಸರಿಯಿದ್ದರೆ ಸಾಕು. ಖಾಸಗಿ ಆಸ್ಪತ್ರೆಯ ಮಾತು ಬೇರೆ. ಎನ್‌ಎಬಿಎಚ್ ಎಂಬ ಗುಣಮಟ್ಟದ ಮಾನ್ಯತೆ ಬಯಸುವ ಆಸ್ಪತ್ರೆ ಪ್ರತಿ ಸಿಬ್ಬಂದಿಯ ಅರ್ಹತೆ, ತರಬೇತಿಯ ದಾಖಲೆ ಇಡಲೇಬೇಕು. ಹೊಸಬರ ಬಳಿ ಏನಿರುತ್ತದೆ ಎಂದರೆ, ಕಾಲೇಜಿನಲ್ಲಿ ಬೋಧಕರು ಸಹಿ ಹಾಕಿದ ಲಾಗ್‌ಬುಕ್ ಇರುತ್ತದೆ. ಪಾಸಾದ ಮೇಲೆ ಅದನ್ನು ಅಟ್ಟಕ್ಕೆ ಎಸೆಯುವವರೇ ಹೆಚ್ಚು. ಯಾರು ಬೇಕಾದರೂ ಉತ್ಪ್ರೇಕ್ಷೆ ಮಾಡಿ ಬರೆಯಬಹುದಲ್ಲ? ಬರೆಯಬಹುದು, ಆದರೆ ಬರೆದ ಪ್ರತಿ ಸಾಲೂ ಒಂದು ಪ್ರಶ್ನೆಗೆ ಆಹ್ವಾನ. ಮಾಡದ ಕೆಲಸದ ಬಗ್ಗೆ ಎರಡನೇ ಪ್ರಶ್ನೆಗೇ ತಡವರಿಸಬೇಕಾಗುತ್ತದೆ. ನಿಜವಾದ ಅಪಾಯ ಬೇರೆ ಕಡೆ ಇದೆ. ಗಾಯದ ಫೋಟೊ, ಕೇಸ್‌ಶೀಟಿನ ಜೆರಾಕ್ಸ್, ರೋಗಿಯ ಹೆಸರು, ಊರು ಫೈಲಿನೊಳಗೆ ಬಂದರೆ ಅದೇ ಅಭ್ಯರ್ಥಿಯ ವಿರುದ್ಧ ಸಾಕ್ಷಿಯಾಗುತ್ತದೆ. ಸಣ್ಣ ತಾಲ್ಲೂಕಿನಲ್ಲಿ ಹೆಸರು ಅಳಿಸಿ ಹಳ್ಳಿಯನ್ನು ಉಳಿಸಿದರೂ ಯಾರೆಂದು ತಿಳಿದುಹೋಗುತ್ತದೆ. ವಯಸ್ಸು, ತೊಂದರೆ, ಕೊಟ್ಟ ಆರೈಕೆ ಇಷ್ಟನ್ನೇ ಬರೆಯಬೇಕು.