ಮುರಿದ ಡಿ.ಎನ್.ಎ. ಮತ್ತು ವಂಶವಾಹಿಗಳ ಮೌನ

ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಎರಡು ಕಾರ್ಯಗಳು ಸದಾ ನಡೆಯುತ್ತಿರುತ್ತವೆ. ಡಿ.ಎನ್.ಎ.ಯಲ್ಲಿರುವ ಮಾಹಿತಿಯನ್ನು ಆರ್.ಎನ್.ಎ.ಯಾಗಿ ಬರೆದುಕೊಳ್ಳುವ ಪ್ರತಿಲೇಖನ ಒಂದು, ಡಿ.ಎನ್.ಎ.ಗೆ ಒದಗಿದ ಹಾನಿಯನ್ನು ಸರಿಪಡಿಸುವ ದುರಸ್ತಿ ಇನ್ನೊಂದು. ಓಲೆಗರಿ ಹರಿದಿದ್ದರೆ ಲಿಪಿಕಾರನು ಅಲ್ಲಿ ಕಂಠವನ್ನು ನಿಲ್ಲಿಸಿ, ಗರಿಯನ್ನು ಮೊದಲು ಜೋಡಿಸಿಕೊಳ್ಳುತ್ತಾನೆ. ಜೀವಕೋಶವೂ ಹೀಗೆಯೇ ನಡೆದುಕೊಳ್ಳುತ್ತದೆಯೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ.

ಹಾನಿಗಳಲ್ಲಿ ಅತ್ಯಂತ ಅಪಾಯಕರವಾದುದು ಎರಡೂ ಎಳೆಗಳು ಒಂದೇ ಎಡೆಯಲ್ಲಿ ತುಂಡಾಗುವುದು. ಒಂದೇ ಎಳೆ ತುಂಡಾದರೆ ಎದುರಿನ ಎಳೆ ಮಾದರಿಯಾಗಿ ಒದಗುತ್ತದೆ. ಎರಡೂ ತುಂಡಾದಾಗ ಸಂಬಂಧವಿಲ್ಲದ ತುದಿಗಳು ಕೂಡಿಕೊಳ್ಳುವ ಸಂಭವವಿದೆ. ಹಲವು ಬಗೆಯ ಕ್ಯಾನ್ಸರುಗಳಲ್ಲಿ ಕಾಣುವ ವರ್ಣತಂತುಗಳ ಸ್ಥಾನಪಲ್ಲಟ ಇಂಥ ತಪ್ಪು ಕೂಡಿಕೆಯ ಫಲ. ಇಂಥ ಎಡೆಯಲ್ಲಿ ಪ್ರತಿಲೇಖನವೂ ಮುಂದುವರಿದರೆ ಅದು ದುರಸ್ತಿಗೆ ಅಡ್ಡಿಯಾಗಬಹುದು; ಅಪೂರ್ಣ ಆರ್.ಎನ್.ಎ.ಗಳೂ ಹುಟ್ಟಬಹುದು.

ತುಂಡನ್ನು ಗುರುತಿಸಿ ಸುದ್ದಿ ಹರಡುವ ಕಿಣ್ವಗಳಲ್ಲಿ ಮುಖ್ಯವಾದುದು ಎ.ಟಿ.ಎಂ. ಡಿ.ಎನ್.ಎ. ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಲ್ಲಿ ಒಂದಾದ ಎಚ್೨ಎಎಕ್ಸ್‌ಗೆ ಅದು ಫಾಸ್ಫೇಟನ್ನು ಸೇರಿಸುತ್ತದೆ. ೧೯೯೮ರಲ್ಲಿ ವಿಲಿಯಂ ಬಾನರ್ ಅವರ ತಂಡ ವರದಿ ಮಾಡಿದ ಈ ಗುರುತು ಕೆಲವೇ ನಿಮಿಷಗಳಲ್ಲಿ ಮೂಡಿ, ತುಂಡಿನ ಆಚೀಚೆ ಬಹುದೂರ ಹಬ್ಬುತ್ತದೆ. ರೈಬೋಸೋಮಿನ ಆರ್.ಎನ್.ಎ. ತಯಾರಾಗುವ ನ್ಯೂಕ್ಲಿಯೋಲಸ್ಸಿನಲ್ಲಿ ತುಂಡು ಉಂಟಾದರೆ ಎ.ಟಿ.ಎಂ. ಅಲ್ಲಿನ ಪ್ರತಿಲೇಖನವನ್ನು ತಡೆಯುತ್ತದೆಂದು ೨೦೦೭ರಲ್ಲಿ ತಿಳಿದುಬಂದಿತು.

ಇತರ ವಂಶವಾಹಿಗಳ ವಿಷಯದಲ್ಲಿ ನಿರ್ಣಾಯಕವಾದ ಪ್ರಯೋಗ ೨೦೧೦ರದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರೋಜರ್ ಗ್ರೀನ್‌ಬರ್ಗ್ ಅವರ ತಂಡ ಮತ್ತು ಸಹವರ್ತಿಗಳು, ಹೊಸದಾಗಿ ಹುಟ್ಟುವ ಆರ್.ಎನ್.ಎ. ಹೊಳೆಯುವಂತೆ ಮಾನವ ಜೀವಕೋಶಗಳಲ್ಲಿ ಒಂದು ವಂಶವಾಹಿಯನ್ನು ಅಳವಡಿಸಿದರು. ಅದರ ಆರಂಭಸ್ಥಾನದಿಂದ ಕೆಲವು ಸಾವಿರ ಅಕ್ಷರಜೋಡಿಗಳಷ್ಟು ದೂರದಲ್ಲಿ ಡಿ.ಎನ್.ಎ.ಯನ್ನು ಕತ್ತರಿಸಿದರು. ವಂಶವಾಹಿಗೆ ಯಾವ ಗಾಯವೂ ಆಗಿರಲಿಲ್ಲ. ಆದರೂ ಹೊಳಪು ಕುಗ್ಗಿತು. ಎ.ಟಿ.ಎಂ. ಕಿಣ್ವವನ್ನು ತಡೆದಾಗ ಮಾತ್ರ ಪ್ರತಿಲೇಖನ ನಡೆಯಿತು. ಅಂದರೆ, ಯಂತ್ರ ಮುರಿದ ದಾರಿಗೆ ಬಂದು ತಾನಾಗಿ ನಿಂತದ್ದಲ್ಲ. ಜೀವಕೋಶವೇ ಅದನ್ನು ನಿಲ್ಲಿಸಿತು. ಎಚ್೨ಎ ಹಿಸ್ಟೋನಿಗೆ ಯುಬಿಕ್ವಿಟಿನ್ ಎಂಬ ಕಿರು ಪ್ರೋಟೀನು ಸೇರುವುದು ಈ ತಡೆಯ ಒಂದು ಅಂಗ. ಹಾನಿ ನೀಗಿದ ಮೇಲೆ ಯು.ಎಸ್.ಪಿ.೧೬ ಎಂಬ ಕಿಣ್ವ ಅದನ್ನು ಕಳಚಿದಾಗ ಪ್ರತಿಲೇಖನ ಮರಳುತ್ತದೆ.

ಈ ವ್ಯವಸ್ಥೆ ತಪ್ಪಿದರೆ ಆಗುವುದೇನು? ವರ್ಣತಂತುವಿನ ಹೆಣಿಗೆಯನ್ನು ಸಡಿಲಿಸುವ ಪಿಬಿಎಎಫ್ ಎಂಬ ಪ್ರೋಟೀನುಗಳ ಸಮೂಹವೂ ಈ ತಡೆಗೆ ಬೇಕೆಂದೂ, ಅದಿಲ್ಲದಿದ್ದರೆ ದುರಸ್ತಿ ಕುಂಠಿತವಾಗುತ್ತದೆಂದೂ ೨೦೧೪ರಲ್ಲಿ ಕಂಡುಬಂದಿತು. ಅದರ ಒಂದು ಘಟಕದ ವಂಶವಾಹಿ ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರಿನಲ್ಲಿ ಪದೇ ಪದೇ ಕೆಟ್ಟಿರುತ್ತದೆ. ೧೯೯೫ರಲ್ಲಿ ಇಸ್ರೇಲಿನ ಯೋಸೆಫ್ ಶಿಲೋ ಅವರ ತಂಡ ಗುರುತಿಸಿದ ಎ.ಟಿ.ಎಂ. ವಂಶವಾಹಿ ಕೆಟ್ಟರೆ ಮಕ್ಕಳಲ್ಲಿ ನಡಿಗೆಯ ಹಿಡಿತ ತಪ್ಪುತ್ತದೆ, ರೋಗನಿರೋಧಕ ಶಕ್ತಿ ಕುಂದುತ್ತದೆ, ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಎ.ಟಿ.ಎಂ. ಮಾಡುವ ಕೆಲಸಗಳು ಹಲವಾದುದರಿಂದ, ಇವೆಲ್ಲಕ್ಕೂ ಪ್ರತಿಲೇಖನದ ತಡೆ ತಪ್ಪಿದ್ದೇ ಕಾರಣವೆಂದು ಹೇಳುವಂತಿಲ್ಲ. ತುಂಡಾದ ತುದಿಗಳಲ್ಲಿಯೇ ಕಿರು ಆರ್.ಎನ್.ಎ.ಗಳು ಹುಟ್ಟಿ ದುರಸ್ತಿಗೆ ನೆರವಾಗುತ್ತವೆಂಬ ೨೦೧೨ರಿಂದೀಚಿನ ವರದಿಗಳನ್ನೂ ಇಲ್ಲಿ ಗಮನಿಸಬೇಕು.

ಕೊನೆಯದಾಗಿ, ಪರಿಭಾಷೆಯ ಒಂದು ಮಾತು. ಸೈಲೆನ್ಸಿಂಗ್ ಎಂಬುದಕ್ಕೆ 'ನಿಷ್ಕ್ರಿಯಗೊಳಿಸುವಿಕೆ' ಎಂದರೆ ವಂಶವಾಹಿ ಶಕ್ತಿಯನ್ನೇ ಕಳೆದುಕೊಂಡಿತೆಂಬ ಭಾವನೆ ಬರುತ್ತದೆ. 'ಮೌನ'ದಲ್ಲಿ ಮಾತನಾಡಬಲ್ಲವರು ಮಾತನಾಡದಿರುವ, ಮತ್ತೆ ಮಾತನಾಡಬಹುದಾದ ಅರ್ಥವಿದೆ. ಇಲ್ಲಿನ ತಡೆಯೂ ಗಾಯದ ನೆರೆಗೆ ಸೀಮಿತವಾದುದು, ತಾತ್ಕಾಲಿಕವಾದುದು, ಹಿಂತೆಗೆಯಬಹುದಾದುದು. ಆದುದರಿಂದ ಹೊರನಾಡಿನಲ್ಲಿದ್ದು ಕನ್ನಡದಲ್ಲಿ ವಿಜ್ಞಾನ ಬರೆಯುವ ಸಂಶೋಧಕರು 'ಮೌನ'ವನ್ನೇ ಬಳಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.