ಕೋರೆಹಲ್ಲಿಲ್ಲದ ಡ್ರಾಕುಲಾ

ಮಾರಿಕುಪ್ಪಂನಲ್ಲಿ ನನ್ನ ಹತ್ತಿರ ಚಿತ್ರ ಕಲಿಯುವ ಮಕ್ಕಳಿಗೆ ಡ್ರಾಕುಲಾ ಬಿಡಿಸಿ ಅಂದರೆ ಮೊದಲು ಕೈ ಹಾಕುವುದು ಕೆಂಪು ಪೆನ್ಸಿಲ್ಲಿಗೆ. ನಾನು ಇದ್ದಿಲು ಕೊಡುತ್ತೇನೆ, ಎದುರಿಗೆ ಬೆಲಾ ಲುಗೋಸಿಯ ಕಪ್ಪುಬಿಳುಪು ಫೋಟೊ ಇಡುತ್ತೇನೆ. 1931ರ ಹಾಲಿವುಡ್ ಚಿತ್ರದ ಡ್ರಾಕುಲಾ ಇವನೇ.

ಬ್ರಾಮ್ ಸ್ಟೋಕರ್ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಚೂಪು ಹಲ್ಲುಗಳನ್ನು ವರ್ಣಿಸಿದ್ದಾನೆ. ಆದರೆ ಟಾಡ್ ಬ್ರೌನಿಂಗ್ ನಿರ್ದೇಶಿಸಿದ ಈ ಚಿತ್ರದಲ್ಲಿ ಲುಗೋಸಿ ಒಮ್ಮೆಯೂ ಕೋರೆಹಲ್ಲು ತೋರಿಸುವುದಿಲ್ಲ. ಛಾಯಾಗ್ರಾಹಕ ಕಾರ್ಲ್ ಫ್ರೂಂಡ್ ಸಣ್ಣ ಬೆಳಕಿನ ಗೆರೆಗಳನ್ನು ಅವನ ಕಣ್ಣುಗಳ ಮೇಲಷ್ಟೇ ಬಿಟ್ಟ. ಹೆದರಿಸಲೆಂದು ಬಿಟ್ಟ ಆ ಬೆಳಕಿನಲ್ಲಿ ನನಗೆ ದಣಿವೇ ಹೆಚ್ಚು ಕಾಣುತ್ತದೆ. ಒಂದು ದೃಶ್ಯದಲ್ಲಂತೂ ಡ್ರಾಕುಲಾ ನಿಜವಾದ ಸಾವಿಗಾಗಿ ಹಂಬಲಿಸಿ ಮಾತಾಡುತ್ತಾನೆ. ರಾಕ್ಷಸ ಆಡುವ ಮಾತಲ್ಲ ಅದು.

ಲುಗೋಸಿ ಹುಟ್ಟಿದ್ದು 1882ರಲ್ಲಿ, ಆಗ ಹಂಗೇರಿಯಲ್ಲಿದ್ದ, ಈಗ ರುಮೇನಿಯಾಕ್ಕೆ ಸೇರಿದ ಲುಗೋಜ್‌ನಲ್ಲಿ. ಎಳೆಯ ವಯಸ್ಸಿಗೇ ಶಾಲೆ ಬಿಟ್ಟು ಗಣಿ, ಕಬ್ಬಿಣದ ಕೆಲಸದ ಊರಾದ ರೆಶಿತ್ಸಾದಲ್ಲಿ ಕೂಲಿಗೆ ನಿಂತ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ. 1919ರಲ್ಲಿ ದೇಶ ಬಿಟ್ಟು ಕೊನೆಗೆ ಅಮೆರಿಕ ಸೇರಿದ. ಕಾಲುನೋವಿಗೆಂದು ಶುರುವಾದ ಮಾರ್ಫಿನ್ ಚಟವಾಗಿ ಹಿಡಿಯಿತು. 1955ರಲ್ಲಿ ತಾನಾಗಿ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಕೇಳಿದ. ಮರುವರ್ಷ ತೀರಿಕೊಂಡ, ಡ್ರಾಕುಲಾನ ನಿಲುವಂಗಿಯಲ್ಲೇ ಅವನನ್ನು ಹೂಳಿದರು.

ಈ ಕಥೆ ಹೇಳಿದರೆ ನಮ್ಮೂರ ಮಕ್ಕಳಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಇಲ್ಲಿ, ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ, ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ, ಕೆಮ್ಮು ಹತ್ತಿಸಿಕೊಂಡ ಅಜ್ಜಂದಿರ ಗುಳಿಬಿದ್ದ ಕಣ್ಣುಗಳನ್ನು ಇವರು ಮನೆಯಲ್ಲೇ ಕಂಡಿದ್ದಾರೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಆ ಕೆಮ್ಮು ಮುಚ್ಚಲಿಲ್ಲ. ನನ್ನ ತಂದೆಯ ಮುಖವನ್ನೂ ನಾನು ಇದ್ದಿಲಲ್ಲೇ ಬಿಡಿಸಿದ್ದು. ಬಣ್ಣ ಹಚ್ಚಲು ಮನಸ್ಸು ಒಪ್ಪಲಿಲ್ಲ.

ಕಪ್ಪುಬಿಳುಪು ಹಾಗೆ ಕೆಲಸ ಮಾಡುತ್ತದೆ. ಇದ್ದಿಲಿನಲ್ಲಿ ರಕ್ತಕ್ಕೂ ನೆರಳಿಗೂ ಇರುವುದು ಒಂದೇ ಬೂದು. ಕೆಂಪನ್ನು ಕಂಡೊಡನೆ ಹುಟ್ಟುವ ದಿಗಿಲು ಇಲ್ಲದೇ ಹೋದಾಗ ನೋಡುವವರು ಕೆನ್ನೆಯ ಗೆರೆ, ರೆಪ್ಪೆಯ ಭಾರ, ಬಿಗಿದ ತುಟಿ ಇವನ್ನೆಲ್ಲ ಗಮನಿಸುತ್ತಾರೆ. ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಒಂದು ಬೆಳಕಿನ ಕೋಲಿನಿಂದ ಇಬ್ಬರ ಒಂಟಿತನ ತೋರಿಸಿದ್ದೂ ಕಪ್ಪುಬಿಳುಪಿನಲ್ಲೇ.

ನೀವೂ ಡ್ರಾಕುಲಾನನ್ನು ಬಿಡಿಸುವುದಾದರೆ ಹಲ್ಲಿನಿಂದ ಶುರು ಮಾಡಬೇಡಿ. ಮೊದಲು ಕಣ್ಣಗುಳಿಯ ನೆರಳು ಹಾಕಿ, ಪಾಪೆಯಲ್ಲಿ ಕಾಗದದ ಒಂದು ಬಿಳಿ ಚುಕ್ಕೆ ಉಳಿಸಿ, ಬಾಯಿ ಮುಚ್ಚಿಯೇ ಇರಲಿ.