ಸಂಸತ್ತಿನಲ್ಲಿ ಬರೀ ಗಲಾಟೆಯೇ? ನಮ್ಮ ಮಾತ್ರೆ, ನಮ್ಮ ಗಾಳಿಯ ಲೆಕ್ಕ ಕೇಳುವವರು ಯಾರು?

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ "ಆರೋಗ್ಯಕ್ಕೆ ಇಷ್ಟು ಕೋಟಿ, ಪರಿಸರಕ್ಕೆ ಇಷ್ಟು ಕೋಟಿ" ಎಂಬ ತಲೆಬರಹ ನೋಡುತ್ತೇವೆ. ಅದನ್ನು ಓದಿದ ಮೇಲೆ ಎರಡು ನಂಬಿಕೆಗಳು ಮನಸ್ಸಿನಲ್ಲಿ ಕೂರುತ್ತವೆ. ಒಂದು, ಘೋಷಣೆಯಾದ ಹಣ ಖರ್ಚಾಗಿಯೇ ಆಗುತ್ತದೆ. ಎರಡು, ಸಂಸತ್ತಿನಲ್ಲಿ ಕೂಗಾಟ ಬಿಟ್ಟರೆ ಬೇರೇನೂ ನಡೆಯುವುದಿಲ್ಲ, ಹಾಗಾಗಿ ಇಲಾಖೆಗಳನ್ನು ಕೇಳುವವರೇ ಇಲ್ಲ. ಇವೆರಡೂ ಪೂರ್ತಿ ನಿಜವಲ್ಲ. ನಿಜ ಏನೆಂದು ತಿಳಿಯಲು ಟಿವಿಯಲ್ಲಿ ಕಾಣುವ ಸದನವನ್ನು ಬಿಟ್ಟು, ಕ್ಯಾಮೆರಾ ಇಲ್ಲದ ಕೋಣೆಗಳತ್ತ ನೋಡಬೇಕು.

ಸದನದಲ್ಲಿ ಬಜೆಟ್ ಎಷ್ಟು ಚರ್ಚೆಯಾಗುತ್ತದೆ?

ಪ್ರತಿ ಸಚಿವಾಲಯವೂ ತನಗೆ ಬೇಕಾದ ಹಣವನ್ನು "ಅನುದಾನ ಬೇಡಿಕೆ" ಎಂಬ ಹೆಸರಿನಲ್ಲಿ ಲೋಕಸಭೆಯ ಮುಂದಿಡಬೇಕು. ಸಂವಿಧಾನದ 113ನೇ ವಿಧಿಯ ಪ್ರಕಾರ ಇದಕ್ಕೆ ಲೋಕಸಭೆಯ ಒಪ್ಪಿಗೆ ಬೇಕೇ ಬೇಕು. ಆದರೆ ಎಲ್ಲ ಸಚಿವಾಲಯಗಳ ಬೇಡಿಕೆಯನ್ನೂ ಚರ್ಚಿಸುವಷ್ಟು ಸಮಯ ಇರುವುದಿಲ್ಲ. ಆದ್ದರಿಂದ ಕೆಲವನ್ನು ಮಾತ್ರ ಆರಿಸಿ ಚರ್ಚಿಸುತ್ತಾರೆ. ಕೊನೆಯ ದಿನ ಉಳಿದವೆಲ್ಲವನ್ನೂ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಇದಕ್ಕೆ "ಗಿಲೋಟಿನ್" ಎಂದು ಹೆಸರು. 2018ರಲ್ಲಿ ಮತ್ತು 2023ರಲ್ಲಿ ಒಂದೇ ಒಂದು ಸಚಿವಾಲಯದ ಬೇಡಿಕೆಯೂ ಲೋಕಸಭೆಯಲ್ಲಿ ಚರ್ಚೆಯಾಗಲಿಲ್ಲ. ಎಲ್ಲವೂ ಗಿಲೋಟಿನ್ ಮೂಲಕವೇ ಪಾಸಾದವು.

ಸದನವನ್ನಷ್ಟೇ ನೋಡಿದರೆ "ಕೇಳುವವರೇ ಇಲ್ಲ" ಎನ್ನಿಸುವುದು ಸಹಜ.

ಹಾಗಾದರೆ ಲೆಕ್ಕ ಕೇಳುವುದು ಎಲ್ಲಿ?

1993ರಲ್ಲಿ ಸಂಸತ್ತು ಇಲಾಖಾವಾರು ಸ್ಥಾಯಿ ಸಮಿತಿಗಳ ವ್ಯವಸ್ಥೆಯನ್ನು ಪೂರ್ಣ ರೂಪದಲ್ಲಿ ತಂದಿತು. ಮೊದಲು 17 ಇದ್ದ ಸಮಿತಿಗಳು 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಚಿವರು ಇದರ ಸದಸ್ಯರಾಗುವಂತಿಲ್ಲ. ಆರೋಗ್ಯಕ್ಕೆ ಒಂದು ಸಮಿತಿ ಇದೆ. ಪರಿಸರ, ಅರಣ್ಯ ಮತ್ತು ವಿಜ್ಞಾನಕ್ಕೆ ಸೇರಿಸಿ ಇನ್ನೊಂದಿದೆ.

ಫೆಬ್ರವರಿಯಲ್ಲಿ ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಕೆಲವು ವಾರ ಬಿಡುವು ಕೊಡುತ್ತಾರೆ. ಆ ಬಿಡುವಿನಲ್ಲಿ ಸಮಿತಿಗಳು ಕಾರ್ಯದರ್ಶಿಗಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತವೆ: ಹೋದ ವರ್ಷ ಕೊಟ್ಟದ್ದು ಎಷ್ಟು, ಖರ್ಚಾದದ್ದು ಎಷ್ಟು, ಉಳಿದದ್ದು ಏಕೆ, ಖಾಲಿ ಹುದ್ದೆ ಎಷ್ಟು? ಇದು ಬಾಗಿಲು ಮುಚ್ಚಿ ನಡೆಯುವ ಸಭೆ. ಪ್ರೇಕ್ಷಕರಿಲ್ಲದ ಕಡೆ ಭಾಷಣದ ಅಗತ್ಯ ಕಡಿಮೆ. ಹಾಗಾಗಿ ಬೇರೆ ಬೇರೆ ಪಕ್ಷದವರು ಸೇರಿ ಒಂದೇ ವರದಿಗೆ ಒಪ್ಪುವುದು ಇಲ್ಲಿ ಅಪರೂಪವಲ್ಲ.

ಹಣ ಖರ್ಚಾದ ಮೇಲಿನ ತಪಾಸಣೆ ಬೇರೆ. ಅದನ್ನು ಮಹಾಲೇಖಪಾಲರು, ಅಂದರೆ ಸಿಎಜಿ ಮಾಡುತ್ತಾರೆ. ಅವರ ವರದಿಯನ್ನು 22 ಸದಸ್ಯರ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸುತ್ತದೆ. 1967ರಿಂದ ಇದರ ಅಧ್ಯಕ್ಷತೆಯನ್ನು ವಿರೋಧ ಪಕ್ಷದವರಿಗೆ ಕೊಡುವುದು ರೂಢಿ.

ಒಂಬತ್ತು ಅಧಿಕಾರಿಗಳು, 20,000 ಅರ್ಜಿಗಳು

ಈ ಸಮಿತಿಗಳಿಂದ ಏನಾಗುತ್ತದೆ ಎನ್ನುವುದಕ್ಕೆ 2012ರ ಮೇ ತಿಂಗಳ ಒಂದು ವರದಿ ಒಳ್ಳೆಯ ಉದಾಹರಣೆ. ಆರೋಗ್ಯ ಸಮಿತಿಯ ಈ 59ನೇ ವರದಿ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಬಗ್ಗೆ ಇತ್ತು. ದೇಶದಲ್ಲಿ ಯಾವುದೇ ಹೊಸ ಔಷಧಕ್ಕೆ ಅನುಮತಿ ಕೊಡುವುದು ಈ ಸಂಸ್ಥೆಯೇ.

ಸಮಿತಿ 42 ಔಷಧಗಳನ್ನು ಆರಿಸಿ ಅವುಗಳ ಕಡತ ಕೇಳಿತು. ಮೂರು ಔಷಧಗಳ ಕಡತಗಳು ಸಿಗಲೇ ಇಲ್ಲ. 2008ರ ಜನವರಿಯಿಂದ 2010ರ ಅಕ್ಟೋಬರ್ ತನಕ 33 ಹೊಸ ಔಷಧಗಳಿಗೆ ಭಾರತೀಯ ರೋಗಿಗಳ ಮೇಲೆ ಪ್ರಯೋಗ ನಡೆಸದೆಯೇ ಅನುಮತಿ ಸಿಕ್ಕಿದ್ದು ಗೊತ್ತಾಯಿತು. ಕೆಲವು ಔಷಧಗಳ ಪರವಾಗಿ ಬೇರೆ ಬೇರೆ ಊರಿನ ತಜ್ಞರು ಬರೆದಿದ್ದ ಅಭಿಪ್ರಾಯ ಪತ್ರಗಳು ಅಕ್ಷರಶಃ ಒಂದೇ ಥರ ಇದ್ದವು. ತಯಾರಕರು, ಕೆಲವು ಅಧಿಕಾರಿಗಳು ಮತ್ತು ಕೆಲವು ತಜ್ಞರ ನಡುವೆ ಹೊಂದಾಣಿಕೆ ಇದೆ ಎಂದು ಸಮಿತಿ ನೇರವಾಗಿಯೇ ಬರೆಯಿತು.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಕೇವಲ ಒಂಬತ್ತು ಅಧಿಕಾರಿಗಳು ಸುಮಾರು 20,000 ಅರ್ಜಿಗಳನ್ನು ನೋಡಬೇಕಿತ್ತು. ಜೊತೆಗೆ ನೂರಾರು ಸಂಸತ್ ಪ್ರಶ್ನೆಗಳು, ಕೋರ್ಟ್ ಕೇಸುಗಳು. ಜನ ಕಡಿಮೆಯಿದ್ದರೆ ಕಡತ ತೆರೆದು ಓದುವವರೂ ಕಡಿಮೆ. ಬಜೆಟ್ ಪುಸ್ತಕದ ಒಂದು ಸಣ್ಣ ಅಂಕಿ ನಾವು ನುಂಗುವ ಮಾತ್ರೆಯನ್ನು ಮುಟ್ಟುವುದು ಹೀಗೆ.

ಎರಡು ಮೂರು ಔಷಧ ಬೆರೆಸಿದ ಮಾತ್ರೆಗಳಿಗೆ ಕೆಲವು ರಾಜ್ಯಗಳು ಕೇಂದ್ರದ ಅನುಮತಿಯಿಲ್ಲದೆ ತಯಾರಿಕಾ ಪರವಾನಗಿ ಕೊಟ್ಟಿದ್ದನ್ನೂ ವರದಿ ಎತ್ತಿ ಹೇಳಿತು. 2014ರಲ್ಲಿ ಇಂಥ ಮಿಶ್ರಣಗಳನ್ನು ಪರಿಶೀಲಿಸಲು ತಜ್ಞರ ಸಮಿತಿ ರಚನೆಯಾಯಿತು. 2016ರ ಮಾರ್ಚ್‌ನಲ್ಲಿ ಸರ್ಕಾರ 344 ಮಿಶ್ರಣಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು, ನಿಷೇಧ ಬಿದ್ದಿತು, ವಿಷಯ ಸುಪ್ರೀಂ ಕೋರ್ಟ್ ತಲುಪಿತು. ಮರುಪರಿಶೀಲನೆಯಾಗಿ 2018ರ ಸೆಪ್ಟೆಂಬರ್‌ನಲ್ಲಿ 328 ಮಿಶ್ರಣಗಳ ಮೇಲೆ ಮತ್ತೆ ನಿಷೇಧ ಬಂತು. ವರದಿಯಿಂದ ಅಲ್ಲಿಗೆ ಆರು ವರ್ಷ ಹಿಡಿಯಿತು.

858 ಕೋಟಿಯಲ್ಲಿ 7 ಕೋಟಿ

ಈಗ ಗಾಳಿಯ ವಿಷಯ. ಪರಿಸರ ಸಚಿವಾಲಯದಲ್ಲಿ "ಮಾಲಿನ್ಯ ನಿಯಂತ್ರಣ" ಎಂಬ ಯೋಜನೆ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೂ ಇದರಿಂದ ಹಣ ಹೋಗುತ್ತದೆ. ಆ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ನಗರಗಳಿವೆ.

2024-25ರಲ್ಲಿ ಈ ಯೋಜನೆಗೆ 858 ಕೋಟಿ ರೂಪಾಯಿ ಇಡಲಾಗಿತ್ತು. 2025ರ ಜನವರಿ 21ರ ಹೊತ್ತಿಗೆ ಖರ್ಚಾದದ್ದು 7.22 ಕೋಟಿ. ಅಂದರೆ ನೂರು ರೂಪಾಯಿಯಲ್ಲಿ 84 ಪೈಸೆ. ಆರ್ಥಿಕ ವರ್ಷದ ಹತ್ತು ತಿಂಗಳು ಆಗಲೇ ಮುಗಿಯುತ್ತ ಬಂದಿತ್ತು. ಯೋಜನೆಯನ್ನು ಮುಂದುವರಿಸುವ ಅನುಮೋದನೆ ಇನ್ನೂ ಬಂದಿಲ್ಲ ಎಂದು ಸಚಿವಾಲಯ ಕಾರಣ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ಸ್ಥಾಯಿ ಸಮಿತಿ ಇದಕ್ಕೆ ಆಘಾತ ವ್ಯಕ್ತಪಡಿಸಿ ವರದಿ ಕೊಟ್ಟಿತು. ಆ ವರದಿ ಬಾರದಿದ್ದರೆ ನಮ್ಮ ನೆನಪಿನಲ್ಲಿ ಉಳಿಯುತ್ತಿದ್ದದ್ದು 858 ಎಂಬ ದೊಡ್ಡ ಅಂಕಿಯಷ್ಟೇ.

ಸಮಿತಿ ಹೇಳಿದರೆ ಸರ್ಕಾರ ಮಾಡಲೇಬೇಕೇ?

ಇಲ್ಲ. "ಸಂಸದೀಯ ಸಮಿತಿ ನಿಷೇಧಿಸಿದೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ. ಸಮಿತಿ ಯಾವುದನ್ನೂ ನಿಷೇಧಿಸಲಾರದು, ಬಜೆಟ್‌ನ ಒಂದು ಪೈಸೆಯನ್ನೂ ತಾನಾಗಿ ಬದಲಿಸಲಾರದು. ಅದು ಕೊಡುವುದು ಶಿಫಾರಸು ಮಾತ್ರ. ಆದರೆ ಸರ್ಕಾರ ಆ ಶಿಫಾರಸಿಗೆ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಲಿಖಿತ ಉತ್ತರ ಕೊಡಬೇಕು. ಸಮಿತಿ ಆ ಉತ್ತರಗಳನ್ನು ವಿಂಗಡಿಸಿ "ಕ್ರಮ ಕೈಗೊಂಡ ವರದಿ" ಎಂಬ ಇನ್ನೊಂದು ವರದಿ ತರುತ್ತದೆ: ಯಾವುದನ್ನು ಸರ್ಕಾರ ಒಪ್ಪಿತು, ಯಾವ ಉತ್ತರ ಸಮಿತಿಗೆ ಒಪ್ಪಿಗೆಯಾಗಲಿಲ್ಲ, ಯಾವುದಕ್ಕೆ ಉತ್ತರವೇ ಬಂದಿಲ್ಲ.

ದೌರ್ಬಲ್ಯಗಳೂ ಇವೆ. ಸಮಿತಿಯ ಅವಧಿ ಸಾಮಾನ್ಯವಾಗಿ ಒಂದೇ ವರ್ಷ. ಸದಸ್ಯರು ವಿಷಯ ಕಲಿಯುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ನೆರವಿಗೆ ವಿಷಯ ತಜ್ಞರು ಕಡಿಮೆ. ವರದಿಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುವುದರಿಂದ ಕನ್ನಡದ ಓದುಗರಿಗೆ ತಲುಪುವುದು ಪತ್ರಿಕೆಯ ನಾಲ್ಕು ಸಾಲಷ್ಟೇ.

ವರದಿ ಏನನ್ನು ಸಾಬೀತು ಮಾಡುವುದಿಲ್ಲ?

ಆ ನಾಲ್ಕು ಸಾಲಿನಿಂದ ಹೇಗೆ ತಪ್ಪು ತಿಳಿವಳಿಕೆ ಹುಟ್ಟುತ್ತದೆ ನೋಡಿ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಬಾಲಕಿಯರಿಗೆ ಒಂದು ಅಧ್ಯಯನದ ಭಾಗವಾಗಿ ಕೊಡಲಾಗಿತ್ತು. ಅನೇಕ ಒಪ್ಪಿಗೆ ಪತ್ರಗಳಿಗೆ ಪೋಷಕರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. 2013ರ ಆಗಸ್ಟ್‌ನಲ್ಲಿ ಆರೋಗ್ಯ ಸಮಿತಿ ಇದನ್ನು ಕಟುವಾಗಿ ಟೀಕಿಸಿತು. ಟೀಕೆ ನ್ಯಾಯವಾದದ್ದೇ. ಆದರೆ ಅದು ಅಧ್ಯಯನ ನಡೆಸಿದ ರೀತಿಯ ಮೇಲಿನ ತೀರ್ಪೇ ಹೊರತು "ಲಸಿಕೆಯೇ ಅಪಾಯಕಾರಿ" ಎಂಬುದಕ್ಕೆ ವೈಜ್ಞಾನಿಕ ಪುರಾವೆಯಲ್ಲ. ಆ ಅವಧಿಯಲ್ಲಿ ಸಂಭವಿಸಿದ ಏಳು ಬಾಲಕಿಯರ ಸಾವಿಗೂ ಲಸಿಕೆಗೂ ಬಹುಶಃ ಸಂಬಂಧವಿಲ್ಲ ಎಂದು ಸರ್ಕಾರ ನೇಮಿಸಿದ್ದ ತನಿಖಾ ಸಮಿತಿ ಹೇಳಿತ್ತು. ಒಪ್ಪಿಗೆ ಪಡೆಯುವಲ್ಲಿ ಲೋಪವಾಗಿದೆ ಎಂದೂ ಅದೇ ಸಮಿತಿ ಹೇಳಿತ್ತು. ಎರಡೂ ಮಾತು ಒಟ್ಟಿಗೆ ನಿಜವಾಗಬಹುದು.

ಇದೇ ಪ್ರಕರಣದಲ್ಲಿ 2018ರ ಮೇ 9ರಂದು ಸುಪ್ರೀಂ ಕೋರ್ಟ್, ಸಮಿತಿ ವರದಿಗಳನ್ನು ನ್ಯಾಯಾಲಯ ನೋಡಬಹುದು ಎಂದಿತು. ಆದರೆ ವಿವಾದವಿರುವ ಸಂಗತಿಯನ್ನು ವರದಿಯ ಬಲದಿಂದಷ್ಟೇ ಸಾಬೀತಾಯಿತು ಎನ್ನುವಂತಿಲ್ಲ, ಅದನ್ನು ಬೇರೆಯಾಗಿಯೇ ಸಾಬೀತುಪಡಿಸಬೇಕು ಎಂದೂ ಸ್ಪಷ್ಟಪಡಿಸಿತು.

ನೀವು ಏನು ನೋಡಬೇಕು?

ಮುಂದಿನ ಸಲ "ಇಷ್ಟು ಕೋಟಿ" ಎಂಬ ಸುದ್ದಿ ಬಂದಾಗ ಮೂರು ಅಂಕಿ ಹುಡುಕಿ. ಬಜೆಟ್ ಅಂದಾಜು ಎಂದರೆ ಇಟ್ಟ ಹಣ. ಪರಿಷ್ಕೃತ ಅಂದಾಜು ಎಂದರೆ ವರ್ಷದ ನಡುವೆ ತಿದ್ದಿದ ಅಂಕಿ. ವಾಸ್ತವ ಖರ್ಚು ಎಂದರೆ ನಿಜವಾಗಿ ಹೋದ ಹಣ. ಹೊಸ ವರ್ಷದ ಅಂದಾಜನ್ನು ಹಿಂದಿನ ವರ್ಷದ ವಾಸ್ತವ ಖರ್ಚಿನ ಪಕ್ಕ ಇಟ್ಟು ನೋಡಿ.

ಸಮಿತಿ ವರದಿಗಳು ಸಂಸತ್ತಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಕ್ರಮ ಕೈಗೊಂಡ ವರದಿಯ ಕೊನೆಯ ಎರಡು ಭಾಗಗಳನ್ನಾದರೂ ಓದಿ. ಸಮಿತಿ ಒಪ್ಪದ ಉತ್ತರಗಳು, ಇನ್ನೂ ಬಾರದ ಉತ್ತರಗಳು ಇರುವುದು ಅಲ್ಲೇ. ನಿಮ್ಮ ಸಂಸದರು ವೋಟು ಕೇಳಲು ಬಂದಾಗ "ಯಾವ ಸಮಿತಿಯಲ್ಲಿದ್ದಿರಿ, ಎಷ್ಟು ಸಭೆಗೆ ಹೋದಿರಿ, ಏನು ಕೇಳಿದಿರಿ?" ಎಂದು ವಿಚಾರಿಸಿ. ಸಮಿತಿಗೆ ಆದೇಶ ಕೊಡುವ ಬಲವಿಲ್ಲ. ಅದು ಕೇಳಿದ ಪ್ರಶ್ನೆಯನ್ನು ಹೊರಗಿನವರೂ ಮತ್ತೆ ಮತ್ತೆ ಕೇಳಿದರೆ ಮಾತ್ರ ಉತ್ತರ ಬರುತ್ತದೆ.